ಕುಬಸಕ್ಕೊಂದು ಉಪಸಮಿತಿ

ನಮ್ಮ ಮಾವನವರ ಸಂಘದ ಹೆಸರನ್ನು ಪೂರ್ತಿ ಹೇಳಬೇಕಾದರೆ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕಿತ್ತು. ಅರ್ಥ ಇಷ್ಟೇ: ಹಳ್ಳದ ಈಚೆ ಇಂಗ್ಲಿಷರ ಆಳ್ವಿಕೆಯಲ್ಲಿರುವ ನಾವು, ಆಚೆ ಸಂಸ್ಥಾನದಲ್ಲಿರುವವರ ಜೊತೆ ಹೊಂದಿಕೊಂಡು ಬಾಳಬೇಕು. ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ದನ ಮೇಯಿಸುವುದಕ್ಕೆ, ನೀರಿಗೆ, ಗಡಿಯ ನಾಕಾದಲ್ಲಿ ಕೊಡುವ ಜಕಾತಿ ಸುಂಕಕ್ಕೆ ಎರಡೂ ಕಡೆಯವರು ಬಡಿದಾಡುತ್ತಿದ್ದ ಕಾಲ. ಸಂಘದವರು ಧರ್ಮಾರ್ಥ ಔಷಧ ಹಂಚುತ್ತಿದ್ದರು, ಜಗಳ ಬಿಡಿಸುತ್ತಿದ್ದರು. ಒಳ್ಳೆಯ ಕೆಲಸವೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಸಂಘ ನಡೆದದ್ದು ನಾನು ಮಾಡಿದ ಚಹಾದ ಮೇಲೆ. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗಾದಿಯ ಮೇಲೆ ಕುಳಿತ ಹಿರಿಯರು ಸೌಹಾರ್ದದ ಬಗ್ಗೆ ಗಂಟಲು ಒಣಗುವಷ್ಟು ಮಾತಾಡುತ್ತಿದ್ದರು. ಆಮೇಲೆ ಒಳಗೆ ಕೂಗು ಬರುತ್ತಿತ್ತು: "ಯವ್ವಾ, ಇನ್ನೊಂದೀಟು ಚಹಾ ಇಡವಾ."

ಮಾವನವರು ಅರಳೆ ವ್ಯಾಪಾರಸ್ಥರು, ಈ ಕಡೆಯ ಶಾಖೆಗೆ ಅಧ್ಯಕ್ಷರು. ಆ ಕಡೆಯ ಶಾಖೆಯ ಅಧ್ಯಕ್ಷರು ನಮ್ಮ ಬೀಗರು. ನನ್ನ ನಾದಿನಿಯನ್ನು ಕೊಟ್ಟದ್ದು ಅವರ ಮನೆಗೆ. ಇಬ್ಬರಿಗೂ ಮಾತು ಬಿಟ್ಟು ಹೋಗಿತ್ತು. ಮದುವೆಯಲ್ಲಿ ವೀಳ್ಯ ಕೊಡುವಾಗ ನಮ್ಮ ಕಡೆಯವರು ಬೀಗರಿಗಿಂತ ಮೊದಲು ವರನ ಸೋದರಮಾವನ ಕೈಗೆ ಕೊಟ್ಟುಬಿಟ್ಟರು, ಬೀಗರು ಉಣ್ಣದೆ ಎದ್ದು ಹೋದರು. ಎರಡು ಎಲೆ, ಒಂದು ಅಡಿಕೆ. ಇಷ್ಟಕ್ಕೇ. ಸಂಘದ ವೇದಿಕೆಯ ಮೇಲೆ ಮಾತ್ರ ಒಬ್ಬರಿಗೊಬ್ಬರು ಮಾಲೆ ಹಾಕಿ ಕೈ ಮುಗಿಯುತ್ತಿದ್ದರು, ಮುಖ ನೋಡದೆ.

ಅಂಥದ್ದರಲ್ಲಿ ನಾದಿನಿ ಬಸುರಾದಳು. ಚೊಚ್ಚಲು. ತವರಿನವರು ಹಸಿರು ಸೀರೆ, ಬುತ್ತಿ ತೆಗೆದುಕೊಂಡು ಹೋಗಿ ಕುಬಸ, ಅಂದರೆ ಸೀಮಂತ, ಮಾಡಿ, ಮಗಳನ್ನು ಹೆರಿಗೆಗೆ ಕರೆದು ತರುವುದು ನಮ್ಮಲ್ಲಿ ಪದ್ಧತಿ. ಕರೆಯಲು ಯಾರೂ ಹೋಗದಿದ್ದರೆ ಹುಡುಗಿ ತವರಿಲ್ಲದವಳಂತೆ ಅತ್ತೆ ಮನೆಯಲ್ಲೇ ಹೆರಬೇಕು. ಐದು ತಿಂಗಳಾಯಿತು, ಏಳಾಯಿತು. "ಅವರು ಹೇಳಿ ಕಳಸ್ಲಿ, ಹೋಗೂಣು," ಎಂದರು ಮಾವನವರು. "ಅವರು ಬಂದು ಕರೀಲಿ, ಕಳಸೂಣು," ಎಂದರಂತೆ ಬೀಗರು.

ಅತ್ತೆಯವರು ಅತ್ತರು, ಜಗಳ ಮಾಡಿದರು, ಎರಡು ಹೊತ್ತು ಊಟ ಬಿಟ್ಟರು. ಕೊನೆಗೆ ಮಾವನವರು ಒಂದು ದಾರಿ ಕಂಡುಹಿಡಿದರು. ಇದು ಎರಡು ಸೀಮೆಗಳ ಸಂಬಂಧದ ಪ್ರಶ್ನೆಯಾದ್ದರಿಂದ ಸಂಘದ ಮುಂದೆ ಇಟ್ಟು, ಒಂದು ಉಪಸಮಿತಿ ನೇಮಿಸುವುದು.

"ಅಲ್ರೀ," ಎಂದರು ಅತ್ತೆಯವರು, "ಹೊಟ್ಟೀಲೆ ಹುಟ್ಟಿದ ಮಗಳನ್ನ ಕರಕೊಂಡ ಬರಾಕ ಸಮಿತಿ ಯಾಕ್ರಿ?"

"ನಿನಗ ತಿಳಿಯೂದಿಲ್ಲ. ಎಲ್ಲಾ ಒಂದು ರೀತೀಲೆ ಆಗಬೇಕು."

ಉಪಸಮಿತಿ ಸೇರಿತು. ಮೊದಲು ಯಾವ ಕಡೆಯವರು ಬಾಯಿ ಬಿಡಬೇಕು ಎಂಬುದು ಒಂದು ಸಭೆ. ಬಾಯಿ ಬಿಟ್ಟವರು ಸಣ್ಣವರಾಗುತ್ತಾರೋ ಇಲ್ಲವೋ ಎಂಬುದು ಇನ್ನೊಂದು. ನಾನು ಶುಂಠಿ ಜಜ್ಜಿ ಜಜ್ಜಿ ಬೆಂಡಾದೆ. ಸಕ್ಕರೆ ಡಬ್ಬಿ ಖಾಲಿಯಾಯಿತು, ಮಾತು ಮುಗಿಯಲಿಲ್ಲ. ಒಂಬತ್ತನೆಯ ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಪಡಸಾಲೆಯ ಒಬ್ಬೊಬ್ಬರ ತಲೆಯ ಮೇಲೂ ಚಹಾದ ಕಿಟ್ಲಿ ಬೋರಲು ಹಾಕಬೇಕು ಅನಿಸುತ್ತಿತ್ತು ನನಗೆ. ಸಿಟ್ಟಿನಲ್ಲಿ ಹೇಳುತ್ತಿಲ್ಲ, ನಿಜವಾಗಿ ಅನಿಸುತ್ತಿತ್ತು.

ಸಂಘದ ವಾರ್ಷಿಕ ಸಭೆ ಆ ಸಲ ನಮ್ಮ ಊರಲ್ಲೇ. ಬೆಳಗ್ಗೆ ಮಾವನವರು ತಲೆಗೆ ರುಮಾಲು ಸುತ್ತಿಕೊಂಡು ಹೊರಟ ಮೇಲೆ ಅತ್ತೆಯವರು ಅಡುಗೆ ಮನೆಗೆ ಬಂದರು. "ಸೀರಿ ಉಟ್ಕೊ. ನಾವಿಬ್ರೂ ಹೋಗಿ ಬರೂಣು," ಎಂದರು. ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿಟ್ಟಿದ್ದರು: ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ, ಕರ್ಚಿಕಾಯಿ. ನಮ್ಮ ಓಣಿಯಲ್ಲಿ ಟಾಂಗಾ ಹೊಡೆಯುತ್ತಿದ್ದ ಮುಸಲ್ಮಾನರ ಚಾಚಾ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಆಗಲೇ ಹೇಳಿಯಾಗಿತ್ತು; ಗೊತ್ತಿಲ್ಲದವಳು ನಾನೊಬ್ಬಳೇ.

ಹಳ್ಳದ ಹತ್ತಿರ ನಾಕಾದ ಸಿಪಾಯಿ ಬಿದಿರು ಅಡ್ಡ ಹಾಕಿ, "ಗಂಟಿನ್ಯಾಗ ಏನೈತ್ರಿ?" ಎಂದು ಕೇಳಿದ.

"ಮಗಳ ಕುಬಸಕ್ಕ ಹೊಂಟೇವಪಾ."

ಅವನು ಗಂಟು ಬಿಚ್ಚಿಸಲಿಲ್ಲ. ಬಿದಿರು ಎತ್ತಿ, "ಲಗೂ ಹೋಗ್ರಿ, ಬಿಸಲಾತು," ಎಂದ.

ಬೀಗರ ಮನೆಯಲ್ಲಿ ಗಂಡಸರಿರಲಿಲ್ಲ. ಬೀಗರು ಮಗನನ್ನೂ ಕರೆದುಕೊಂಡು ನಮ್ಮೂರಿಗೇ ಹೋಗಿದ್ದರು, ಸೌಹಾರ್ದದ ಸಭೆಗೆ. ಬೀಗತಿ ಓಡಿ ಬಂದು ಅತ್ತೆಯವರ ಎರಡೂ ಕೈ ಹಿಡಿದುಕೊಂಡರು. "ಬಂದ್ರಾ ಅಕ್ಕಾರ? ದಿನಾ ದಾರಿ ನೋಡಿ ನೋಡಿ ಸಾಕಾತ್ರಿ. ನಾನೇ ಕಳಸಬೇಕಂದ್ರ, ಇವರು ಬಿಡವಲ್ರು." ನಾದಿನಿ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಕಾಲು ಬಾತಿದ್ದವು. ನಾವು ಹಸಿರು ಬಳೆ ಇಡಿಸಿ, ಉಡಿ ತುಂಬಿ, ಆರತಿ ಮಾಡಿದೆವು. ಬೀಗತಿಯೇ ಅವಳ ಟ್ರಂಕನ್ನು ಟಾಂಗಾದಲ್ಲಿ ಇಡಿಸಿದರು.

ಚಾಚಾ ಕುದುರೆಯನ್ನು ಓಡಿಸಲಿಲ್ಲ, ನಡೆಸಿಕೊಂಡೇ ಬಂದ. ಹಳ್ಳ ದಾಟಿದ ಮೇಲೆ ನಾದಿನಿ ಕೇಳಿದಳು: "ಅಪ್ಪಾರು ಯಾಕ ಬರಲಿಲ್ಲವಾ?"

ಅತ್ತೆಯವರು ಅವಳ ಸೆರಗು ಸರಿಮಾಡಿದರು. "ಸಭಾ ಇತ್ತವಾ," ಎಂದರು.

ಮನೆ ಮುಟ್ಟಿದಾಗ ಪಡಸಾಲೆ ತುಂಬಿತ್ತು. ಸಭೆ ಮುಗಿಸಿ ಎಲ್ಲರೂ ನಮ್ಮಲ್ಲಿಗೇ ಬಂದಿದ್ದರು; ಹಿರಿಯರೊಬ್ಬರು ಬೀಗರನ್ನೂ ಕೈ ಹಿಡಿದು ಎಳೆದು ತಂದಿದ್ದರು. ಇಬ್ಬರು ಅಧ್ಯಕ್ಷರೂ ಕೊರಳಲ್ಲಿ ಮಾಲೆ ಹಾಗೇ ಇಟ್ಟುಕೊಂಡು, ಗಾದಿಯ ಎರಡು ತುದಿಗೆ ಕುಳಿತಿದ್ದರು. ಉಪಸಮಿತಿಯವರೊಬ್ಬರು, ಈ ಕುಬಸದ ವಿಷಯವನ್ನು ಮುಂದಿನ ತಿಂಗಳು ಇನ್ನೊಮ್ಮೆ ವಿಚಾರ ಮಾಡೋಣ ಎನ್ನುತ್ತಿದ್ದರು.

ನಾದಿನಿ ಹೊಸ್ತಿಲು ಹಿಡಿದು ನಿಂತು, "ಅಪ್ಪಾರ, ನಾ ಬಂದೇನ್ರಿ," ಎಂದಳು.

ಬೀಗರು ಮಾವನವರ ಮುಖ ನೋಡಿದರು, ಮಾವನವರು ಬೀಗರ ಮುಖ ನೋಡಿದರು, ವೀಳ್ಯದ ದಿನದಿಂದ ಅದೇ ಮೊದಲು. ಮಗಳು ಬಾಗಿಲಲ್ಲಿ ನಿಂತೇ ಇದ್ದಳು. ಮಾವನವರು ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಯವ್ವಾ, ಎಲ್ಲಾರಿಗೂ ಚಹಾ ಇಡವಾ."

ನಾನು ಒಲೆ ಹೊತ್ತಿಸಿದೆ. ಕಿಟ್ಲಿಯನ್ನು ಪಕ್ಕಕ್ಕಿಟ್ಟು, ನಾದಿನಿಯ ಕಾಲಿಗೆ ನೀರು ಕಾಯಲು ಇಟ್ಟೆ.