ಓಮಿಯಿನ್ ಎನ್ನುವ ಮೊದಲು

ಬುರುಲ್ಚಾ ಹತ್ತೊಂಬತ್ತು ವರ್ಷದಿಂದ ಬೆಟ್ಟದ ಕೇಬಲ್ ಕಾರ್ ಕಂಪನಿಯ ಆಡಳಿತ ಮಂಡಳಿಯಲ್ಲಿ ನಡಾವಳಿ ಬರೆಯುತ್ತಿದ್ದಳು. ಬರೆಯುವುದು, ಚಹಾ ಬಗ್ಗಿಸುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ಕೆಲಸ. ಮೂರನೆಯದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲೇ ಇರಲಿಲ್ಲ.

ಅಂದು ಮಾತ್ರ ಅವಳಿಗೆ ಎಲ್ಲರ ಮೇಲೂ ಅನುಮಾನ. ಹೊಸ ವರ್ಷದ ನೊರೂಜ್ ಹಬ್ಬಕ್ಕೆ ಕೇಬಲ್ ಕಾರ್ ಮತ್ತೆ ಓಡಿಸಬೇಕೇ ಎಂದು ತೀರ್ಮಾನಿಸುವ ಸಭೆ. ಉಕ್ಕಿನ ಹಗ್ಗದ ಎಳೆಗಳು ತುಂಡಾಗಿವೆ, ಓಡಿಸಬೇಡಿ ಎಂದು ಇಂಜಿನಿಯರ್ ಕೊಟ್ಟ ವರದಿಯನ್ನು ಅವಳೇ ಟೈಪು ಮಾಡಿ, ಐವರು ಸದಸ್ಯರ ಫೈಲುಗಳಲ್ಲೂ ಇಟ್ಟು ಮನೆಗೆ ಕಳಿಸಿದ್ದಳು. ಸಭೆಯಲ್ಲಿ ಹಗ್ಗದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಚಹಾದ ಬಿಡುವಿನಲ್ಲಿ ಫೈಲುಗಳನ್ನು ತಿರುವಿದರೆ, ಐದರಲ್ಲೂ ಆ ಹಾಳೆ ಮಾಯ! ಹಬ್ಬದ ದಿನ ಮೊದಲ ಬೋಗಿಯಲ್ಲಿ ಜನರನ್ನು ಕರೆದೊಯ್ಯುವವಳು ಅವಳ ಮಗಳು ನುರಾಯಿಮ್.

ಅವಳ ಕೈಯಿಂದ ಫೈಲುಗಳನ್ನು ಒಯ್ದು ಮನೆಮನೆಗೆ ಹಂಚಿದವನು ಮೆಲಿಸ್. ಸದಸ್ಯರಲ್ಲಿ ಕಿರಿಯ, ಅಧ್ಯಕ್ಷರ ಅಳಿಯ ಬೇರೆ. ಇವನದೇ ಕೈವಾಡ ಎಂದು ಅವಳಿಗೆ ಖಾತ್ರಿಯಾಯಿತು.

"ಏನ್ ಎಜೆ, ನನ್ನನ್ನೇ ಗುರಾಯಿಸ್ತಿದ್ದೀರ? ಬೋರ್ಸೋಕ್ ಜಾಸ್ತಿ ತಿಂದ್ಬಿಟ್ನಾ?" ಎಂದು ಅವನು ಅವಳನ್ನು ಅಕ್ಕನೆಂದು ಕರೆಯುತ್ತ, ಬಾಯಲ್ಲಿ ಆ ಕರಿದ ರೊಟ್ಟಿ ತುಂಬಿಕೊಂಡೇ ನಕ್ಕ.

ಆ ಮಂಡಳಿಯಲ್ಲಿ ಮತ ಎಣಿಸುವುದು ಹೆಸರಿಗಷ್ಟೇ. ಅಧ್ಯಕ್ಷ ಶಾರ್ಶೆನ್‌ಬೆಕ್ ಅಂಗೈ ಬಿಚ್ಚಿ ಹರಸಬೇಕು, ಎಲ್ಲರೂ ಮುಖ ಸವರಿಕೊಂಡು 'ಓಮಿಯಿನ್', ಅಂದರೆ ಹಾಗೇ ಆಗಲಿ, ಅನ್ನಬೇಕು, ಅಲ್ಲಿಗೆ ಮುಗಿಯಿತು. ಅಕ್ಸಾಕಲ್, ಅಂದರೆ ಊರ ಹಿರಿಯರು, ಹರಸಿದ ಮೇಲೆ ತಕರಾರು ತೆಗೆದವನು ಮನೆಹಾಳ.

ಚಹಾ ಮುಗಿದು ಹತ್ತು ಅಂಗೈಗಳು ಬಿಚ್ಚಿಕೊಂಡವು. ಬುರುಲ್ಚಾ ಮಾತ್ರ ಕೈ ಎತ್ತಲಿಲ್ಲ.

"ಯಾಕೆ ಮಗಳೇ, ಕೈಗೇನಾಯ್ತು?" ಅಧ್ಯಕ್ಷರು ಕೇಳಿದರು.

"ಕೈಗೇನೂ ಆಗಿಲ್ಲ ಅಕ್ಸಾಕಲ್. ಇಂಜಿನಿಯರ್ ಹಾಳೆ ಯಾರೋ ಕದ್ದಿದ್ದಾರೆ. ಹಗ್ಗ ಹರೀತಿದೆ. ಜನ ಸಾಯ್ತಾರೆ." ಅವಳ ಕಣ್ಣು ಮೆಲಿಸ್‌ನ ಮೇಲಿತ್ತು.

ಅವನ ಮುಖ ಕೆಂಪಾಯಿತು. "ನಾನು ಕಳ್ಳ ಅಲ್ಲ ಎಜೆ. ನಂದು ಇಲ್ಲಿದೆ ನೋಡಿ." ಕೋಟಿನ ಒಳಜೇಬಿನಿಂದ ಮಡಚಿದ ಹಾಳೆ ಹೊರಬಂತು. "ಹಿರಿಯರು ಸುಮ್ನಿರುವಾಗ ನಾನು ಹೇಗೆ ಬಾಯಿ ಬಿಡ್ಲಿ?"

ಪಕ್ಕದವನು ಕೆಮ್ಮಿ ತನ್ನದನ್ನು ತೆಗೆದ. ಆಮೇಲೆ ಮೂರನೆಯವನು, ನಾಲ್ಕನೆಯವನು. ಎಲ್ಲರೂ ಓದಿದ್ದರು, ಓದಿದ್ದು ಯಾರಿಗೂ ಕಾಣದಿರಲೆಂದು ಬಚ್ಚಿಟ್ಟಿದ್ದರು. ಕೊನೆಗೆ ಅಧ್ಯಕ್ಷರೂ ತಮ್ಮ ಉಣ್ಣೆಯ ಟೋಪಿಯೊಳಗೆ ಬೆರಳಾಡಿಸಿ ತಮ್ಮ ಹಾಳೆಯನ್ನು ಹೊರತೆಗೆದರು.

"ನಾನು ಮೊದ್ಲು ಮಾತಾಡಿದ್ರೆ ಅದೇ ತೀರ್ಮಾನ ಆಗ್ಬಿಡುತ್ತೆ. ನೀವ್ಯಾರಾದ್ರೂ ಹೇಳ್ತೀರೇನೋ ಅಂತ ಕಾದೆ."

ಚೆನ್ನಾಗಿ ಕಾದರು ಪುಣ್ಯಾತ್ಮ, ಅಂಗೈ ಬಿಚ್ಚುವವರೆಗೂ! ಅವರು ಹರಸದೆಯೇ ಕೈ ಇಳಿಸಿದರು. "ಕೇಬಲ್ ಕಾರ್ ಓಡೋದು ಬೇಡ. ಬರ್ಕೋ."

ಎಲ್ಲರೂ ಎದ್ದು ಹೋದ ಮೇಲೆ ಮೆಲಿಸ್ ಅವಳ ಮೇಜಿನ ಬಳಿ ನಿಂತ.

"ಎಜೆ, ನಮಗಿಂತ ಮೊದ್ಲು ಆ ಹಾಳೆ ಓದಿದ್ದು ನೀವು. ಬೋಗೀಲಿ ನುರಾಯಿಮ್ ಬದ್ಲು ಬೇರೆಯವರ ಮಗಳಿದ್ದಿದ್ರೆ, ಇವತ್ತು ನೀವೂ ನಮ್ಮ ಜೊತೆ ಕೈ ಎತ್ತುತ್ತಿರಲಿಲ್ವಾ?"

ಬುರುಲ್ಚಾ ನಡಾವಳಿಯ ಪುಸ್ತಕ ಮುಚ್ಚಿದಳು. ಎತ್ತುತ್ತಿದ್ದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.