ಸೆರಗಿನ ಅಂಚಿನ ಪಾಠ

ಬೀರೂರಿನ ಹೆಣ್ಣುಮಕ್ಕಳ ಪದವಿ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಮೇಡಂ, ಜೀವಕೋಶ ಪ್ರೋಟೀನ್ ಕಟ್ಟಲು ತೊಡಗುವುದನ್ನು ತಮ್ಮ ಸೆರಗಿನ ಅಂಚಿನಲ್ಲೇ ತೋರಿಸುತ್ತಿದ್ದರು. ಅಂಚೇ ಪ್ರೋಟೀನಿನ ಸೂತ್ರ ಬರೆದಿರುವ ಎಂಆರ್‌ಎನ್‌ಎ, ಹೆಬ್ಬೆರಳು ಅದನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ಚಿಕ್ಕ ಭಾಗ. ಬೆರಳು ಜಾರುತ್ತಾ ಬಂದು ಮೊದಲ ಹೂವಿನ ಮೇಲೆ ನಿಲ್ಲುತ್ತಿತ್ತು. “ಇದು ಎಯುಜಿ, ಶುರು ಮಾಡು ಅನ್ನೋ ಮೂರಕ್ಷರ. ಇಲ್ಲಿ ನಿಂತ್ರೇನೇ ಕೆಲ್ಸ ಕಣ್ರೇ,” ಎನ್ನುತ್ತಾ, ದೊಡ್ಡ ಭಾಗವೆಂದು ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚುತ್ತಿದ್ದರು.

ಅವರ ಮಗಳಿಗೆ ಥಲಸ್ಸೇಮಿಯಾ ಇತ್ತು. ತಿಂಗಳು ತಿಂಗಳೂ ರಕ್ತ ಹಾಕಿಸಲು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದರು. ನಾವು ಕೊನೆಯ ವರ್ಷದಲ್ಲಿದ್ದಾಗ ಹುಡುಗಿ ತೀರಿಕೊಂಡಳು.

ರಜೆ ಮುಗಿಸಿ ಬಂದ ದಿನ ಮತ್ತೆ ಅದೇ ಪಾಠ ತೆಗೆದರು. ಹೆಬ್ಬೆರಳು ಹೂವಿನ ಮೇಲೆ ನಿಲ್ಲಲಿಲ್ಲ. ಅಂಚಿನ ತುದಿಯವರೆಗೂ ಹೋಯಿತು.

“ಎಯುಜಿಲಿ ಒಂದಕ್ಷರ ತಪ್ಪಿದ್ರೆ ಹಿಂಗೆ ದಾಟ್ಕೊಂಡು ಹೋಗ್ಬಿಡುತ್ತೆ. ರಕ್ತಕ್ಕೆ ಬೇಕಾದ ಪ್ರೋಟೀನ್ ಆಗೋದೇ ಇಲ್ಲ. ನಾನು ಸೋದರಮಾವನ್ನೇ ಮದ್ವೆಯಾದವ್ಳು. ನಮ್ಮಜ್ಜಿಯಿಂದ ಆ ತಪ್ಪು ಇಬ್ರಿಗೂ ಬಂದಿತ್ತು. ಒಂದೇ ಕಡೆಯಿಂದ ಬಂದಿದ್ದಕ್ಕೆ ನಮಗೇನೂ ಆಗ್ಲಿಲ್ಲ. ಇಬ್ರೂ ಅದನ್ನೇ ಮಗೂಗೆ ಕೊಟ್ವಿ.”

ಸೆರಗು ಬಿಟ್ಟು ನಮ್ಮತ್ತ ನೋಡಿದರು. “ಸೋದರಮಾವಂಗೆ ಕೊಡೋ ಮಾತಾಗಿರೋರು ಕೈ ಎತ್ರೇ.”

ನಾನು ಕೈ ಎತ್ತಿದೆ. ಯಗಟಿಯ ನಮ್ಮ ಮನೆಯಲ್ಲಿ ಧಾರೆ ಸೀರೆಯನ್ನೂ ತಂದಿಟ್ಟಾಗಿತ್ತು.