ಬೂಕೆಯ ಮೂರನೇ ಅರ್ಥ

ಮೊನ್ನೆ ನನ್ನ ಹುಟ್ಟುಹಬ್ಬಕ್ಕೆಂದು ಮೊಮ್ಮಗಳು ಪ್ಲಾಸ್ಟಿಕ್ ಹಾಳೆ ಸುತ್ತಿದ ಬೂಕೆಯೊಂದನ್ನು ತಂದು ಕೈಗಿಟ್ಟಳು. ಮೂಸಿ ನೋಡಿದೆ. ವಾಸನೆಯೇ ಇಲ್ಲ! ಆದರೂ ಚಿಕ್ಕಂದಿನ ಎದುರುಮನೆ ಹುಡುಗಿ ಕಣ್ಣಮುಂದೆ ಬಂದು ನಿಂತಳು. ಹಳೆಯ ಹೊಟ್ಟೆಯುರಿಯೂ ಜೊತೆಗೇ ಬಂತು.

ಐವತ್ತರ ದಶಕದ ಚಾಮರಾಜನಗರ. ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳೂ ನಾನೂ ಒಂದೇ ಬೆಂಚು. ಇನ್‌ಸ್ಪೆಕ್ಟರಮ್ಮ ಬರುವ ಹಿಂದಿನ ದಿನ ಇಂಗ್ಲಿಷ್ ಟೀಚರಮ್ಮ, ಹಾರ ಬೇಡ, ಬೂಕೆ ಕೊಡೋಣ ಎಂದರು. ಆ ಮಾತನ್ನೇ ನಾವು ಕೇಳಿರಲಿಲ್ಲ. ಅದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದಂತೆ. ಹೂಗೊಂಚಲು ಅನ್ನುವುದು ಒಂದರ್ಥ, ಹೊಗಳಿಕೆ ಇನ್ನೊಂದು. ಮೂರನೆಯದನ್ನು ದನಿ ತಗ್ಗಿಸಿ ಹೇಳಿದರು: ದ್ರಾಕ್ಷಿ ಹೆಂಡದ ಪರಿಮಳ.

"ನಾಳೆ ಮೂರೂ ಅರ್ಥ ತಪ್ಪಿಲ್ಲದೆ ಹೇಳಿದವಳೇ ಬೂಕೆ ಕೊಡ್ತಾಳೆ" ಎಂದರು ಟೀಚರಮ್ಮ.

ಹೂವು ನಮ್ಮ ಹಿತ್ತಲಿನದು. ಅಪ್ಪನ ಲಿಂಗಪೂಜೆಗೆ ಮೀಸಲಾದ ಸಂಪಿಗೆ, ಮಲ್ಲಿಗೆ. ನಾವ್ಯಾರೂ ಮೂಸುವ ಹಾಗಿರಲಿಲ್ಲ. ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿ, ಬಾಳೆನಾರಿನಲ್ಲಿ ನಾನೇ ಕಟ್ಟಿದೆ. ಕೊಡುವವಳೂ ನಾನೇ ಎಂದು ಕುಣಿದಾಡಿದ್ದೆ.

ಬೆಳಿಗ್ಗೆ ಟೀಚರಮ್ಮ ಮೊದಲು ನನ್ನನ್ನೇ ಕೇಳಿದರು. ಎರಡು ಅರ್ಥ ಪಟಪಟ ಹೇಳಿದೆ. ಮೂರನೆಯದಕ್ಕೆ ನಾಲಿಗೆಯೇ ಏಳಲಿಲ್ಲ. ಹೆಂಡದ ಹೆಸರೆತ್ತಿದರೆ ಬಾಯಿ ತೊಳೆಸುವ ಮನೆ ನಮ್ಮದು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಆ ಮಾತಾಡುವುದೇ? ಗೊತ್ತಿದ್ದೂ ಕೂತುಬಿಟ್ಟೆ... ಅವಳ ಕೊರಳಲ್ಲೂ ಲಿಂಗವಿತ್ತು. ಆದರೂ ಎದ್ದವಳೇ ಮೊದಲೆರಡನ್ನು ಒಪ್ಪಿಸಿ, "ಹೆಂಡದ್ ಗಮಲು, ಟೀಚರ್!" ಎಂದು ಕೂಗಿದಳು. ತರಗತಿಯೆಲ್ಲ ಗೊಳ್ಳೆಂದಿತು.

ನಮ್ಮ ಹಿತ್ತಲಿನ ಹೂವು ಅವಳ ಕೈ ಸೇರಿತು. ಇನ್‌ಸ್ಪೆಕ್ಟರಮ್ಮ ಅವಳ ಕೆನ್ನೆ ಸವರಿ ಹೆಸರು ಕೇಳಿದರು. ನಾನು ಕಂಬದ ಹಿಂದೆ ನಿಂತು ಉರಿದುಹೋದೆ.

"ನೀನೇ ಯೋಳ್ಬುಡ್ಬೋದಿತ್ತಲ್ಲ ಕಣಮ್ಮಿ? ಬಾಯ್ಗೆ ಕಡುಬು ಇಟ್ಕಂಡಿದ್ಯಾ?" ಎಂದು ಮನೆಗೆ ಬರುವಾಗ ಕೇಳಿದಳು.

"ಓಗಮ್ಮಿ!" ಎಂದು ನಾನು ರಸ್ತೆಯ ಆಚೆ ಬದಿಗೆ ಸರಿದು ನಡೆದೆ.

ಅವಳು ಗುಂಡ್ಲುಪೇಟೆಗೆ ಮದುವೆಯಾಗಿ ಹೋದಳು. ನಾನು ನಮ್ಮದೇ ಬೀದಿಯ ಸೋದರಮಾವನ ಮನೆಗೆ ಸೊಸೆಯಾದೆ. ಅವಳು ತವರಿಗೆ ಬಂದಾಗಲೆಲ್ಲ ನನ್ನ ಬಾಗಿಲಲ್ಲಿ ನಿಂತು, "ಮೂರ್ನೇದು ಈಗ್ಲಾದ್ರೂ ಬತ್ತದಾ?" ಎಂದು ರೇಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಆ ಅಳುಕಿಲ್ಲದ ನಾಲಿಗೆ ನನಗಿಲ್ಲವಲ್ಲ ಎಂದು ಬದುಕೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳೇಕೆ?

ಹೋದ ವರ್ಷ ಅವಳು ತೀರಿಕೊಂಡಳೆಂದು ಸುದ್ದಿ ಬಂತು. ಎಲ್ಲದರಲ್ಲೂ ಮುಂದೆ ನುಗ್ಗುತ್ತಿದ್ದವಳು, ಇದರಲ್ಲೂ ನನ್ನನ್ನು ಹಿಂದೆ ಹಾಕಿ ಹೋದಳು ನೋಡಿ... ಇನ್ನು ಯಾರನ್ನು ನೋಡಿ ನಾನು ಹೊಟ್ಟೆ ಉರಿದುಕೊಳ್ಳಲಿ?